ತಿಗಣೆಯ ಮೊಮ್ಮಕ್ಕಳು ಮತ್ತು ನನ್ನ ಗುಳಿಗೆ

ನಮ್ಮ ಕಾಕಾನ ಎದುರು ತಿಗಣೆಯನ್ನು ಜಾಣ ಎಂದು ಯಾರೂ ಹೊಗಳಬಾರದು. ಹೊಗಳಿದರೆ ಎರಡು ತಾಸು ಪಾಠ ಕೇಳಬೇಕಾಗುತ್ತದೆ. ರೈಲ್ವೆಯಲ್ಲಿ ಹಳಿ ರಿಪೇರಿ ಮಾಡಿ ನಿವೃತ್ತನಾದ ಮನುಷ್ಯ. ಮಗಳ ವಿಜ್ಞಾನದ ಪುಸ್ತಕದಲ್ಲಿ ನಿಸರ್ಗದ ಆಯ್ಕೆಯ ಪಾಠ ಓದಿದ್ದೇ ಓದಿದ್ದು, ಅವನ ಊರಾದ ಹೋಟಗಿಯಲ್ಲಿ ಯಾರಿಗೂ ನೆಮ್ಮದಿ ಉಳಿಯಲಿಲ್ಲ.

ಅಕ್ಕಲಕೋಟದ ನಮ್ಮ ಮನೆಗೆ ಒಮ್ಮೆ ತಮ್ಮನ ಮದುವೆ ಮಾತಿಗೆ ಹೆಣ್ಣಿನ ಕಡೆಯವರು ಬಂದಿದ್ದರು. ಊಟದ ನಡುವೆ ಅವರ ಹಿರಿಯರೊಬ್ಬರು, "ಮದ್ದು ಹೊಡದ್ರೂ ತಿಗಣಿ ಸಾಯವಲ್ವು. ಭಾಳ ಶಾಣ್ಯಾ ಆಗ್ಯಾವ" ಎಂದುಬಿಟ್ಟರು.

ಕಾಕಾ ತಾಟು ಸರಿಸಿದ. "ಒಂದು ತಿಗಣಿನೂ ಶಾಣ್ಯಾ ಆಗಿಲ್ರಿ. ಮದ್ದು ತಡಕೊಳ್ಳೋವು ಮೊದಲೇ ನಾಕು ಇದ್ವು. ಬಾಕಿ ಎಲ್ಲಾ ಸತ್ವು, ಆ ನಾಕು ಮರಿ ಹಾಕಿದ್ವು. ಈಗ ನಿಮ್ಮ ಗಾದಿಯೊಳಗ ಇರೋವು ಅವುಗಳ ಮೊಮ್ಮಕ್ಕಳು."

ತಿಗಣೆ ನಮ್ಮಲ್ಲಲ್ಲ, ಪಕ್ಕದ ಮನೆಯಲ್ಲಿ ಎಂದು ಹಿರಿಯರು ತಡವರಿಸಿದರು. ಸಂಬಂಧವೇನೋ ಕುದುರಿತು. ಆದರೆ ಆ ಬೀಗರು ಇವತ್ತಿಗೂ ಕಾಕಾನ ಪಂಕ್ತಿಯಲ್ಲಿ ಊಟಕ್ಕೆ ಕೂರುವುದಿಲ್ಲ.

ಕಾಕಾನ ಪಾಠಕ್ಕೆ ನಾನೂ ನಗುತ್ತಿದ್ದೆ, ನನಗೆ ಕ್ಷಯ ತಗಲುವವರೆಗೆ. ಆಗ ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಬಾಡಿಗೆ ಕೋಣೆ ಹಿಡಿದು, ಯುನಿಫಾರ್ಮ್ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದೆ. ಆರು ತಿಂಗಳ ಗುಳಿಗೆ ಬರೆದುಕೊಟ್ಟರು. ಎರಡೇ ತಿಂಗಳಿಗೆ ಕೆಮ್ಮು ನಿಂತಿತು. ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು; ಬಿಟ್ಟೆ.

ಹದಿನೈದು ದಿನದ ಮೇಲೆ ಬಂದ ಕಾಕಾ ಕಿಟಕಿಯಲ್ಲಿದ್ದ ಗುಳಿಗೆಗಳನ್ನು ನೋಡಿದ. ಬೈಯಲಿಲ್ಲ. ನೆಲದ ಮೇಲೆ ಕೂತ.

"ಆರಾಮಾಗೇನಲ್ಲ ಕಾಕಾ," ಎಂದೆ.

"ಮೆತ್ತನ್ನ ಕ್ರಿಮಿ ಸತ್ತಾವ, ಅದಕ್ಕ ಆರಾಮ. ಒಳಗ ಉಳದಾವಲ್ಲ, ಅವು ಗಟ್ಟಿನವು. ನೀ ಗುಳಿಗಿ ಬಿಟ್ಟು ಅವಕ್ಕ ಸಂಸಾರ ಮಾಡಾಕ ಜಾಗಾ ಕೊಟ್ಟಿ. ನಾಳೆ ಅವುಗಳ ಮಕ್ಕಳಿಗೆ ಈ ಔಷಧ ನಾಟದಿದ್ರ ಏನ್ ಮಾಡೂಣವ್ವಾ?"

ಆ ದಿನ ನನಗೆ ನಗು ಬರಲಿಲ್ಲ. ಮಧ್ಯಾಹ್ನವೇ ಅವನು ನನ್ನನ್ನು ದವಾಖಾನೆಗೆ ಕರೆದೊಯ್ದ. ಗುಳಿಗೆ ಮತ್ತೆ ಶುರುವಾಯಿತು; ಔಷಧ ಇನ್ನೂ ನಾಟುತ್ತದೋ ಇಲ್ಲವೋ ನೋಡಲು ಕಫ ಪರೀಕ್ಷೆಗೆ ಹೋಯಿತು.

ಉತ್ತರ ಬರುವವರೆಗೆ ಕಾಕಾ ದಿನಾ ಬೆಳಿಗ್ಗೆ ಹೋಟಗಿಯಿಂದ ರೈಲು ಹತ್ತಿ ಬರುತ್ತಿದ್ದ. ಗುಳಿಗೆ ನುಂಗಿಸಿ, "ಬಾಯಿ ತೆರಿ. ನಾಲಿಗಿ ಎತ್ತು" ಎಂದು ಇಣುಕಿ ನೋಡುತ್ತಿದ್ದ. ಮನೆಯೊಡತಿ ಅವನನ್ನು ಹಲ್ಲಿನ ಡಾಕ್ಟರ್ ಎಂದು ತಿಳಿದು ತನ್ನ ದವಡೆ ತೋರಿಸಲು ಬಂದಳು. ಕಾಕಾ ಅದನ್ನೂ ನೋಡಿಯೇ ಕಳಿಸಿದ.

ಕೊನೆಗೆ ದವಾಖಾನೆಯ ಲೇಡಿ ಡಾಕ್ಟರ್ ನಮ್ಮನ್ನು ಕರೆದು ಹೇಳಿದರು: "ಚಿಂತಿ ಮಾಡಬ್ಯಾಡ್ರಿ. ಔಷಧ ಇನ್ನೂ ನಾಟತದ. ಆದರ ನಡುವ ಬಿಡಬ್ಯಾಡ್ರಿ."

ಕಾಕಾ ಅದೇ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡ.

ಅವ್ವನಿಗೆ ತಿಳಿಸಲು ಇಬ್ಬರೂ ಅಕ್ಕಲಕೋಟದ ಬಸ್ಸು ಹತ್ತಿದೆವು. ಬಸ್ ಸ್ಟ್ಯಾಂಡಿನ ಮುಂದೆ ರಸ್ತೆ ದಾಟುವಾಗ, ಅವನು ಮೂವತ್ತನಾಲ್ಕು ವರ್ಷದ ನನ್ನ ಮುಂಗೈ ಹಿಡಿದುಕೊಂಡ. ಮನೆಯ ಬಾಗಿಲು ಬರುವವರೆಗೆ ಬಿಡಲಿಲ್ಲ.