ನಮ್ಮ ಮಾವನ ಗೌಡಕಿ ನಾ ಉಳಿಸಿದ್ದು

ಪಕ್ಷ ಬದಲಿಸೋರು ಇಂದಿಗೂ ಸಿಗತಾರ. ಆದರ ಯಾವ ಪಕ್ಷದಾಗ ಅದೀವಿ ಅಂತ ತಮಗೇ ತಿಳೀದೆ ಬದಲಿಸಿದವರು ನಮ್ಮ ಮಾವ ಒಬ್ಬರೇ. ನಿಜಾಮನ ರಾಜ್ಯ ಮುಳುಗೋ ಹೊತ್ತು ಅದು. ಮಾವ ವಡಗೇರಾ ಕಡಿ ಒಂದು ಹಳ್ಳಿಗಿ ಗೌಡರು. ರಾಜ್ಯ ಯಾರದರೆ ಆಗಲಿ, ಗೌಡಕಿ ತಮ್ಮ ಮನ್ಯಾಗ ಉಳೀಬೇಕು, ಅಷ್ಟೇ ಅವರ ಚಿಂತಿ. ಸಲಹೆ ಕೊಡಾಕ ಅಳಿಯ ನಾನಿದ್ದೆ. ನಿಜಾಮನ ದಿವಾನರಿಗಿ ಇಂಥ ಸಲಹೆಗಾರ ಸಿಗಲಿಲ್ಲ. ಅದಕ್ಕೇ ಅವರ ರಾಜ್ಯ ಹೋಯ್ತು.

೧. ಹಾರ

ಸರಕಾರದ ದೊಡ್ಡ ಸಾಹೇಬರು ರೈಲಿನಾಗ ಯಾದಗಿರಿಗಿ ಬರತಾರಂತ ಸುದ್ದಿ. ಮಾವ ಹಾರ ಹಿಡಿದು ನಿಂತರು.

"ಯಾರಿಗಿ ಹಾಕಲೋ?"

"ಶೇರವಾನಿ ತೊಟ್ಟವರಿಗಿ ಹಾಕ್ರಿ ಮಾವಾರ. ಖಾದಿಯವರ ಕಡಿ ನೋಡಬ್ಯಾಡ್ರಿ," ಅಂದೆ.

ಶೇರವಾನಿ ಇಳೀತು, ಹಾರ ಬಿತ್ತು, ಮಾವ ಜೈಕಾರ ಹಾಕಿದರು. ಆ ಮನುಷ್ಯಾ ಮಾವನ ಕಿವಿಯಾಗ ಅಂದ: "ಮೆತ್ತಗ್ರೀ ಗೌಡ್ರ! ನಾ ಖಾದಿ ಪಕ್ಷದಾಂವ. ಪೊಲೀಸರ ಕಣ್ಣು ತಪ್ಪಿಸಾಕ ಈ ವೇಷ ಹಾಕೀನಿ. ನಿಮಗ ಹ್ಯಾಂಗ ಗುರ್ತು ಹತ್ತಿತು?"

ಖುಷಿಗಿ ತನ್ನ ಚೀಲದಾಗಿನ ಬಿಳಿ ಟೊಪ್ಪಿಗಿ ಮಾವನ ಕೈಗಿ ತುರುಕಿ ಹೋದ.

"ಈಗ ನಾ ಯಾವ ಪಕ್ಷಲೇ?" ಅಂದರು ಮಾವ.

"ಹಾರ ಸರಕಾರದ್ದು, ಟೊಪ್ಪಿಗಿ ಖಾದಿದು. ನಡುವ ನೀವದೀರಿ," ಅಂದೆ.

೨. ದಪ್ಪ ತಲಿ

ಆ ಟೊಪ್ಪಿಗಿ ಕಂಡರ ಜೈಲು. ಬಿಸಾಕಿದರ ನಾಳೆ ಬರೋ ರಾಜ್ಯಾನೇ ಬಿಸಾಕಿದಂಗ. "ತಲಿಗಿ ಸುತ್ತೋ ಪಟಗದ ಒಳಗ ಹಾಕ್ಕೊಳ್ರಿ" ಅಂತ ಉಪಾಯ ಹೇಳಿದಾಂವ ನಾನೇ. ಸುರಪುರದ ಕಚೇರಿಯಾಗ ತಹಸೀಲ್ದಾರರು ಮಾವನ್ನ ನೋಡೇ ನೋಡಿದರು.

"ಏನ್ ಗೌಡ್ರ, ತಲಿ ದಪ್ಪ ಆಗ್ಯಾದಲ್ಲ?"

ಮಾವ ಎರಡೂ ಕೈಲಿ ಪಟಗ ಹಿಡ್ಕೊಂಡರು. ನಾ ಇದ್ದೆನಲ್ಲ! "ಹುಜೂರ್, ಒಳಗ ವಿಚಾರ ಭಾಳ ಆಗ್ಯಾವ್ರಿ."

"ಹಂಗಾದ್ರ ಬಿಗೀ ಸುತ್ತರಿ. ಹೊರಗ ಬಂದಾವು!"

೩. ಶಹಾಪುರದ ಸಭಾ

ಕಡೀಗಿ ಹಿಂದುಸ್ತಾನದ ಫೌಜು ಬಂತು, ನಿಜಾಮನ ರಾಜ್ಯ ಮುಗೀತು. ಶಹಾಪುರದಾಗ ಖಾದಿಯವರ ಸಭಾ. "ಗೌಡ್ರು ಖರೇನ ನಮ್ಮವರೇನು ನೋಡೂಣು, ಆಮ್ಯಾಲ ಗೌಡಕಿ ಮಾತು," ಅಂದಿದ್ದರು ಅವರ ಮುಖಂಡರು.

ಮಾವ ವೇದಿಕಿ ಹತ್ತಿ ಗುಡುಗಿದರು: "ಇನ್ನ ನಾವು ಯಾರಿಗೂ ಬಾಗಾಂಗಿಲ್ಲ!" ಚಪ್ಪಾಳಿಯೇ ಚಪ್ಪಾಳಿ. ಅಷ್ಟರಾಗ ಕುರ್ಚಿ ಮ್ಯಾಲಿನ ಮುಖಂಡರ ಕಡಿ ಕಣ್ಣು ಹೋಯ್ತು. ನಿಜಾಮನ ಸಾಹೇಬರಿಗಿ ಬೆನ್ನು ತೋರಿಸೋದು ಗುನ್ಹೆ. ಬಾಗಿ ಸಲಾಮ ಹೊಡೀತ ಹಿಂದಹಿಂದಕ್ಕ ನಡೀಬೇಕು. ರೂಢಿ ಬಿಡತದೇನು? ಮಾವ ಬಾಗಿದರು, ಸಲಾಮ ಹೊಡೆದರು, ಹಿಂದಕ್ಕ ನಡೆದರು. ವೇದಿಕಿ ಮುಗೀತು, ಮಾವ ನಿಲ್ಲಲಿಲ್ಲ. ಕೆಳಗ ಕುಂತ ಹಲಗಿ ಬಾರಿಸೋರ ಮ್ಯಾಲ ಧಡ್ ಅಂತ ಬಿದ್ದರು.

ಮುಖಂಡರು ಎದ್ದು ಬಗ್ಗಿ ನೋಡಿ, "ಏನ್ರಿ, ಇವರು ಖರೇನ ನಮ್ಮ ಪಕ್ಷಾನ?" ಅಂದರು.

ಗೌಡಕಿ ಹೋಯ್ತಂತ ಮಾವ ಕಣ್ಣು ಮುಚ್ಚಿದರು. ನಾ ಕೈ ಮುಗಿದೆ: "ಹೌದ್ರಿ. ಬಾಯಿ ನಿಮ್ಮ ಪಕ್ಷಕ್ಕ ಬಂದಾದ. ಕಾಲಷ್ಟ ಇನ್ನೂ ದಾರ್ಯಾಗ ಅದಾವ್ರಿ."

ಮುಖಂಡರು ಹೊಟ್ಟಿ ಹಿಡ್ಕೊಂಡು ನಕ್ಕರು. "ಗೌಡಕಿ ಇರಲಿ ಬಿಡ್ರಿ. ಕಾಲು ಬರೋತನಕ ಭಾಷಣ ಮಾತ್ರ ಕುಂತು ಮಾಡ್ಲಿ!"