ಲಕ್ವಾ, ಹಾರ್ಟು ಮತ್ತು ನನ್ನ ಫಾರ್ಮು

ರಕ್ತ ತೆಗೆಯುವವರಿಗೆ ಎದೆ ಗಟ್ಟಿ ಇರಬೇಕು ಅನ್ನುತ್ತಾರೆ. ನಿಜ. ಆದರೆ ಅದು ರಕ್ತ ನೋಡಲಿಕ್ಕಲ್ಲ, ಜನರ ಉತ್ತರ ಕೇಳಲಿಕ್ಕೆ. ಬಹಳ ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಾನು ಈಗ ಒಂದು ಸಂಶೋಧನೆಗಾಗಿ ಕಾರವಾರ, ಅಂಕೋಲಾ ಕಡೆ ಮನೆಮನೆ ತಿರುಗುತ್ತೇನೆ. ಕೆಲವು ಮನೆತನಗಳಲ್ಲಿ ಒಬ್ಬರಿಗೆ ಹಾರ್ಟ್ ಅಟ್ಯಾಕ್ ಆದರೆ ಇನ್ನೊಬ್ಬರಿಗೆ ಲಕ್ವಾ ಹೊಡೆಯುತ್ತದೆ. ಎರಡರ ಬೇರೂ ಒಂದೇ ವಂಶವಾಹಿಯಲ್ಲಿ ಇರಬಹುದೇ ಎಂದು ದೊಡ್ಡ ಡಾಕ್ಟರುಗಳು ಹುಡುಕುತ್ತಾರೆ. ನನ್ನ ಪಾಲಿಗೆ ಬಂದದ್ದು ಒಂದು ಸೂಜಿ, ಒಂದು ಫಾರ್ಮು. ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರು ನನ್ನ ಬಾಯಿ ಒಣಗಿಸಿಯೇ ಕಳಿಸುತ್ತಾರೆ.

ಮನೆಯಲ್ಲಿ ಯಾರಿಗೂ ಇಲ್ಲ

ಅರ್ಗಾ ಕಡೆಯ ಒಬ್ಬ ಅಜ್ಜ, ರೈತರು. ಜಗಲಿಯಲ್ಲಿ ಕೂತು ತೆಂಗಿನಕಾಯಿ ಸುಲಿಯುತ್ತಿದ್ದರು.

"ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಹಾರ್ಟ್ ಅಟ್ಯಾಕ್ ಆಗಿತ್ತಾ ಅಜ್ಜಾ?"

"ಇಲ್ಲ ತಂಗಿ. ಮನೇಲಿ ಯಾರಿಗೂ ಆಗ್ಲಿಲ್ಲ."

"ಲಕ್ವಾ?"

"ಮನೇಲಾ? ಇಲ್ಲಪ್ಪ."

ಎರಡಕ್ಕೂ 'ಇಲ್ಲ' ಎಂದು ಬರೆದೆ. ಎಂಥ ಗಟ್ಟಿ ಮನೆತನ ಎಂದು ಖುಷಿಯೂ ಆಯಿತು. ಹೊರಡುವಾಗ ಸುಮ್ಮನೆ ಕೇಳಿದೆ, "ನಿಮ್ಮ ಅಪ್ಪ ಎಂತಾಗಿ ಹೋದ್ರು?"

"ಗದ್ದೆ ಹೂಡ್ತಾ ಇದ್ರು. ಎದೆ ಹಿಡ್ಕಂಡು ಕೂತ್ರು, ಅಲ್ಲೇ ಹೋದ್ರು."

ಚೀಲಕ್ಕೆ ಹಾಕಿದ್ದ ಫಾರ್ಮನ್ನು ಮತ್ತೆ ಹೊರತೆಗೆದೆ. "ಒಡಹುಟ್ಟಿದವರು?"

"ಅಣ್ಣಂಗೆ ಹಾರ್ಟ್ ಅಟ್ಯಾಕ್ ಆದದ್ದು ಕಾರವಾರ ಬಸ್ ಸ್ಟ್ಯಾಂಡಲ್ಲಿ. ಅಕ್ಕಂಗೆ ಲಕ್ವಾ ಹೊಡೆದದ್ದು ಅಂಕೋಲಾ ಪೇಟೇಲಿ, ಮೀನು ತರುಕೆ ಹೋದಾಗ."

"ಅಯ್ಯೋ ಅಜ್ಜಾ! ಮತ್ತೆ ಇಲ್ಲ ಅಂದ್ರಲ್ಲ?"

"ನೀ ಕೇಳಿದ್ದು ಮನೇಲಿ ಅಂತ. ನಮ್ಮ ಮನೆ ವಾಸ್ತು ಚೊಲೋ ಇತ್ತು. ಹೊರಗೆ ಹೋಗಿ ಮಾಡ್ಕಂಡ್ರೆ ಮನೆ ಎಂತ ಮಾಡ್ತದೆ?"

ಆ ವಾರ 'ಇಲ್ಲ' ಎಂದು ಬರೆದಿದ್ದ ಅಷ್ಟೂ ಮನೆಗಳಿಗೆ ನಾನು ಮತ್ತೊಮ್ಮೆ ಹೋಗಿ ಬಂದೆ.

ಸೊಸೆಯ ಕಡೆಯದು

ಅಂಕೋಲೆಯ ಒಂದು ಮನೆಯ ಮಗನಿಗೆ ನಲವತ್ತು ತುಂಬುವ ಮೊದಲೇ ಹಾರ್ಟ್ ಅಟ್ಯಾಕ್ ಆಗಿತ್ತು. ಪುಣ್ಯಕ್ಕೆ ಬದುಕಿಕೊಂಡಿದ್ದ. ನಾನು ಚೀಲ ಬಿಚ್ಚುವ ಮೊದಲೇ ಅವನ ತಾಯಿ ತೀರ್ಪು ಕೊಟ್ಟರು.

"ನಮ್ಮ ರಕ್ತ ತೆಗಿಯುದು ಬೇಡ ಅಕ್ಕೋರೆ. ಇದು ಸೊಸೆ ಕಡೆಯಿಂದ ಬಂದದ್ದು. ಅವಳ ಅಪ್ಪಂಗೆ ಲಕ್ವಾ ಹೊಡೆದಿತ್ತು."

ನಾನು ಗಾಬರಿಯಾದೆ. ಸೊಸೆ ತಲೆ ತಗ್ಗಿಸಿ ಬಾಗಿಲ ಬಳಿ ನಿಂತಿದ್ದಳು. ಗಂಡ ಆಸ್ಪತ್ರೆಯಿಂದ ಬಂದಾಗಿನಿಂದ ಆ ಹೆಣ್ಣು ಈ ಮಾತನ್ನೇ ಕೇಳುತ್ತಿದ್ದಳಂತೆ.

"ಅಮ್ಮಾ, ಹೆಂಡತಿಯ ವಂಶದ್ದು ಗಂಡನ ಮೈಗೆ ಬರುದಿಲ್ಲ. ವಂಶದಿಂದ ಬಂದದ್ದೇ ಆದ್ರೆ ಅದು ಅಪ್ಪನಿಂದ, ಇಲ್ಲಾ ಅಮ್ಮನಿಂದ."

"ಹಾಗಾದ್ರೆ ಇವರ ಕಡೇದು," ಎಂದು ಅವರು ಥಟ್ಟನೆ ಯಜಮಾನರತ್ತ ಬೆರಳು ತೋರಿಸಿದರು.

ಊಟಕ್ಕೆ ಕೂತಿದ್ದ ಯಜಮಾನರು ತಲೆ ಎತ್ತಲಿಲ್ಲ. "ನಮ್ಮ ಕಡೆ ಎಲ್ಲ ತೊಂಬತ್ತು ದಾಟಿದವ್ರು. ನಿನ್ನ ಅಣ್ಣಂದಿರು ಮೂವರೂ ಎಂತಾಗಿ ಹೋದ್ರು, ಅದನ್ನು ಬರೆಸು."

ಆಗ ಸೊಸೆ ಮೊದಲ ಸಲ ಬಾಯಿ ತೆರೆದಳು.

"ಅಕ್ಕೋರೆ, ಆ ಅಪ್ಪ-ಅಮ್ಮನ ವಿಷಯ ಇನ್ನೊಂದು ಸಲ ಜೋರಾಗಿ ಹೇಳಿ. ಅತ್ತೆಗೆ ಒಂದು ಕಿವಿ ಸ್ವಲ್ಪ ಮಂದ."

ಮಾತು ಕೊಟ್ಟವರು

ಹೋಲಿಸಿ ನೋಡಲು ಈ ಎರಡೂ ರೋಗ ಇಲ್ಲದವರ ರಕ್ತವೂ ಬೇಕು. ಆದರೆ ಏನೂ ಇಲ್ಲದವರು ಸೂಜಿಗೆ ಯಾಕೆ ಕೈ ಒಡ್ಡುತ್ತಾರೆ? ಕದ್ರಾದಲ್ಲಿ ವಿದ್ಯುತ್ ಕೆಲಸದಿಂದ ನಿವೃತ್ತರಾದ ಒಬ್ಬರು ತಾವಾಗಿಯೇ ಹೆಸರು ಕೊಟ್ಟಾಗ ನನಗೆ ಹಬ್ಬವಾಯಿತು.

ಹೇಳಿದ ದಿನ ಬೆಳಿಗ್ಗೆ ಸಂಶೋಧನೆಯ ಗಾಡಿಯಲ್ಲಿ ಡ್ರೈವರ್ ಜೊತೆ ಹೋದೆ. ಇಸ್ತ್ರಿ ಅಂಗಿ ಹಾಕಿ ಕುರ್ಚಿಯಲ್ಲಿ ಕೂತಿದ್ದರು. ಎಡಗೈ ಮೇಲೆ ಟವೆಲ್ ಇತ್ತು.

"ಹಿಂದೆ ಯಾವತ್ತಾದ್ರೂ ಕೈಯ ಬಲ ಹೋದದ್ದು, ಮಾತು ತೊದಲಿದ್ದು ಉಂಟಾ?"

"ಹಿಂದೆ ಯಾವತ್ತೂ ಇಲ್ಲ ಶಿಷ್ಟರ್."

ಸಿಸ್ಟರ್ ಎನ್ನಬೇಕಾದ ಬಾಯಿ ಶಿಷ್ಟರ್ ಅಂದಿತ್ತು. ನಾನು ಮುಖ ನೋಡಿದೆ. ತುಟಿಯ ಒಂದು ಕೊನೆ ಜೋತುಬಿದ್ದಿತ್ತು. ಟವೆಲ್ ಎಳೆದೆ. ಕೈ ಸೋರೆಕಾಯಿಯ ಹಾಗೆ ತೊಡೆಯ ಮೇಲೆ ಬಿದ್ದಿತ್ತು.

"ಇದು ಯಾವಾಗಿಂದ?"

"ಈಗ ಚಾ ಕುಡ್ದ ಮೇಲೆ. ಅರ್ಧ ತಾಸಾಯ್ತು."

ಹೆಂಡತಿ ಒಳಗಿಂದ ಕೂಗಿದರು, "ಆಸ್ಪತ್ರೆಗೆ ಹೋಗುವಾ ಅಂತ ನಾ ಆಗ್ಲೇ ಹೇಳ್ದೆ. ಇವರು, 'ಸಿಸ್ಟರಿಗೆ ಆರೋಗ್ಯವಂತ ಅಂತ ಮಾತು ಕೊಟ್ಟಿದ್ದೇನೆ, ಇವತ್ತೊಂದು ದಿನ ಸುಮ್ಮನಿರು' ಅಂದ್ರು!"

"ನಿಮಗೆ ಲಕ್ವಾ ಆಗ್ತಾ ಇದೆ, ಏಳಿ!" ಎಂದು ಕಿರುಚಿದೆ.

ಅವರಿಗೂ ಆಘಾತವೇ. "ರಕ್ತ ತೆಗೀಲೇ ಇಲ್ಲ, ರಿಪೋರ್ಟ್ ಬಂದೇ ಬಿಡ್ತಾ?"

ಡ್ರೈವರೂ ನಾನೂ ಅವರನ್ನು ಎತ್ತಿ ಗಾಡಿಗೆ ಹಾಕಿದೆವು. ಕಾರವಾರ ಮುಟ್ಟುವ ತನಕ ನಾನು ಗಡಿಯಾರ ಬಿಟ್ಟು ಬೇರೇನೂ ನೋಡಲಿಲ್ಲ. ಚಿಕಿತ್ಸೆಯ ಹೊತ್ತು ಮೀರಿರಲಿಲ್ಲ. ಸ್ಕ್ಯಾನ್ ಮಾಡಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಮರುದಿನ ಅವರು ಎಡಗೈ ಬೆರಳು ಮಡಚಿದರು, ಕೆಲವೇ ವಾರಗಳಲ್ಲಿ ಎದ್ದು ಓಡಾಡಿದರು.

ಆಮೇಲೊಂದು ದಿನ ನೋಡಲು ಹೋದೆ. "ನಿಮ್ಮ ಹೆಸರು ಈಗ ರೋಗಿಗಳ ಪಟ್ಟಿಗೆ ಹೋಯ್ತು," ಎಂದಾಗ ಅವರಿಗೆ ಬಹಳ ಬೇಸರವಾಯಿತು. ಹೆಂಡತಿ ಸಮಾಧಾನ ಹೇಳಿದರು.

"ಇವರ ಜಾಗಕ್ಕೆ ನನ್ನ ಹೆಸರು ಹಾಕಿ ಸಿಸ್ಟರ್. ಆದ್ರೆ ರಕ್ತ ತೆಗಿಯುಕೆ ನಾಳೆ ಬನ್ನಿ. ಇವತ್ತು ಬೆಳಿಗ್ಗೆಯಿಂದ ಎದೆ ಸ್ವಲ್ಪ ಹಿಡ್ಕಂಡದೆ."

ನಾನು ತಿರುಗಿ ನೋಡುವಷ್ಟರಲ್ಲಿ ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿಯಾಗಿತ್ತು. ಮತ್ತೆ ಕಾರವಾರ, ಮತ್ತೆ ಅದೇ ಓಟ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಹೃದಯ ಚೆನ್ನಾಗಿದೆ, ಇದು ಬರೀ ಗ್ಯಾಸ್ ಎಂದರು. ಆ ಅಮ್ಮ ಇಸಿಜಿ ಕಾಗದವನ್ನು ನೀಟಾಗಿ ಮಡಚಿ ನನ್ನ ಕೈಗಿಟ್ಟರು.

"ಫೈಲಿಗೆ ಹಾಕಿ ಸಿಸ್ಟರ್. ಇವರ ಹಾಗೆ ಬಾಯಿಮಾತಲ್ಲಿ ಆರೋಗ್ಯವಂತೆ ಅಲ್ಲ ನಾನು."