ತಾತನ ಬಿ.ಎ. ನಡೆಯುತ್ತೋ ಇಲ್ಲವೋ

ನಮ್ಮ ತಾತನಿಗಿಂತ ಹೆಚ್ಚು ಓದಿದ ಕುರಿಗಾರನನ್ನು ನೀವು ಎಲ್ಲಾದರೂ ಕಂಡಿದ್ದರೆ ನನಗೆ ಹೇಳಿ. ದಯವಿಟ್ಟು ತಾತನಿಗೆ ಮಾತ್ರ ಹೇಳಬೇಡಿ. ಮಾರನೇ ದಿನವೇ ಎಂ.ಎ.ಗೆ ಅರ್ಜಿ ಹಾಕಿಬಿಡುತ್ತಾನೆ!

ನಮ್ಮದು ಧರ್ಮಪುರಿ ಜಿಲ್ಲೆ. ಮನೆಯಲ್ಲಿ ಕನ್ನಡ, ಸ್ಕೂಲಿಗೂ ಆಫೀಸಿಗೂ ತಮಿಳು, ಕುರಿಗಳಿಗೆ ಎರಡೂ ನಡೆಯುತ್ತದೆ. ತಾತ ಐದನೇ ಕ್ಲಾಸಿಗೇ ಸ್ಲೇಟು ಇಟ್ಟು ಕೋಲು ಹಿಡಿದವನು. ಐವತ್ತು ದಾಟಿದ ಮೇಲೆ ಒಂದು ದಿನ ಟೀ ಅಂಗಡಿಯಲ್ಲಿ ವಡೆ ಸುತ್ತಿಕೊಟ್ಟ ಪೇಪರ್ ಬಿಡಿಸಿದರೆ, ಪ್ಲಸ್ ಟೂ, ಅಂದರೆ ಪಿಯುಸಿ, ಓದದವರೂ ಮನೆಯಲ್ಲೇ ಕೂತು ಬಿ.ಎ. ಮಾಡಬಹುದು ಅಂತ ಅದರಲ್ಲಿ ಅಚ್ಚಾಗಿತ್ತಂತೆ. ವಡೆಯನ್ನು ಬೆಂಚಿನ ಮೇಲೆ ಬಿಟ್ಟು, ಪೇಪರನ್ನು ಮಡಚಿ ಜೇಬಿಗಿಟ್ಟು ಮನೆಗೆ ಬಂದ. ವಡೆಯನ್ನೇ ಬಿಟ್ಟು ಬಂದ ಮನುಷ್ಯ ಇನ್ನು ಯಾರ ಮಾತೂ ಕೇಳುವುದಿಲ್ಲ ಅಂತ ಅಜ್ಜಿಗೆ ಆಗಲೇ ಗೊತ್ತಾಯಿತಂತೆ.

ಮೊದಲ ಪರೀಕ್ಷೆಗೆ ತಾತ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಧರ್ಮಪುರಿಗೆ ಹೋದ. ಬಾಗಿಲಲ್ಲಿದ್ದ ಮೇಷ್ಟ್ರು, "ಪೆರಿಯವರೇ, ಪೈಯನ್ ಉಳ್ಳೆ ಪೋಗಟ್ಟುಂ, ನೀಂಗ ವೆಳಿಯೆ ಇರುಂಗ" ಅಂದರು. ಹುಡುಗ ಒಳಗೆ ಹೋಗಲಿ, ನೀವು ಹೊರಗಿರಿ ಅಂತ.

ತಾತ ಹಾಲ್ ಟಿಕೆಟ್ ತೋರಿಸಿ, "ನಾನ್ ದಾನ್ ಪೈಯನ್" ಅಂದ. ಹುಡುಗ ನಾನೇ!

ಮೂರು ವರ್ಷದ ಓದನ್ನು ಏಳು ವರ್ಷ, ಕುರಿಗಳಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದ. ಫೇಲಾದಾಗ ಬೇಜಾರೇ ಇಲ್ಲ, ಅದೇ ಪಾಠ ಇನ್ನೊಂದು ಸಲ ಓದಬಹುದಲ್ಲ ಅಂತ ಖುಷಿ. ವಿಷಯ ಚರಿತ್ರೆ. ಪಾಸಾದ ಮೇಲೆ ನಮ್ಮ ಅತ್ತೆಯ ಮದುವೆ ಪತ್ರಿಕೆಯಲ್ಲಿ ತಾತನ ಹೆಸರಿನ ಮುಂದೆ ಬಿ.ಎ. ಅಂತ ಬಂತು. ಪ್ರೆಸ್ಸಿನವನು ಮೊದಲು ಅದನ್ನು ಗಂಡಿನ ಹೆಸರಿನ ಮುಂದೆ ಹಾಕಿದ್ದನಂತೆ. ತಾತ ಹೋಗಿ ಎಲ್ಲಾ ಪತ್ರಿಕೆಗಳನ್ನೂ ಮತ್ತೆ ಅಚ್ಚು ಹಾಕಿಸಿದ.

ಮಾರಂಡಹಳ್ಳಿ ಸಂತೆಯಲ್ಲಿ ಕುರಿ ಮಾರುವಾಗಲೂ ಚರಿತ್ರೆ ಸುಮ್ಮನಿರುತ್ತಿರಲಿಲ್ಲ. ವ್ಯಾಪಾರಿ ಒಂದು ಬೆಲೆ ಹೇಳಿದರೆ ತಾತ ಚೋಳರ ಕಾಲದ ಸಂತೆ ಸುಂಕದಿಂದ ಶುರು ಮಾಡುತ್ತಿದ್ದ. ಒಂದು ಸಲ ವ್ಯಾಪಾರಿ ಕೈಮುಗಿದು, "ಯಪ್ಪಾ, ನೀನ್ ಕೇಳಿದ ರೇಟೇ ತಗೋ. ಆ ಚೋಳರನ್ನ ಬಿಟ್ಬಿಡು" ಅಂದ. ಅಪ್ಪನ ಪ್ರಕಾರ ಆ ಡಿಗ್ರಿಯಿಂದ ನಮ್ಮ ಮನೆಗೆ ಬಂದ ಲಾಭ ಅದೊಂದೇ.

ಇನ್ನೊಂದು ಲಾಭ ಬರಬೇಕಿತ್ತು, ಬರಲಿಲ್ಲ. ಊರಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಕೇಂದ್ರ ತೆರೆದರು. ಕಲಿಸಲು ಡಿಗ್ರಿ ಓದಿದವರು ಬೇಕಿತ್ತು. ತಾತ ಅರ್ಜಿ ಹಾಕಿದ. ತಿಂಗಳಾದ ಮೇಲೆ ಕಾಗದ ಬಂತು. ಪ್ಲಸ್ ಟೂ ಓದದೆ ಪಡೆದ ಪದವಿ "ಸೆಲ್ಲಾದು", ಅಂದರೆ ನಡೆಯುವುದಿಲ್ಲ. ಹರಿದ ನೋಟಿಗೆ ಹೇಳುವ ಮಾತು ಅದು. ತಾತ ಕಾಗದವನ್ನು ಎರಡು ಸಲ ಓದಿ, ಡಿಗ್ರಿ ಸರ್ಟಿಫಿಕೇಟು ಇದ್ದ ಫೈಲಿನೊಳಗೇ ಇಟ್ಟ. ಆ ವಾರ ಕುರಿಗಳು ಪಾಠವಿಲ್ಲದೆ ಮೇದವು.

ಇಷ್ಟಾಗಿ ಕೆಲವು ವರ್ಷಕ್ಕೆ ನನ್ನ ಪ್ಲಸ್ ಟೂ ಮುಗಿಯಿತು. ಕೌನ್ಸೆಲಿಂಗಿನಲ್ಲಿ ಸೇಲಂನ ಒಂದು ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಸೀಟು ಸಿಕ್ಕಿತು. ನಮ್ಮ ರಾಜ್ಯದಲ್ಲಿ ಮನೆಯ ಮೊದಲ ಪದವೀಧರರಿಗೆ ಟ್ಯೂಷನ್ ಫೀಸನ್ನು ಸರ್ಕಾರವೇ ಕಟ್ಟುತ್ತದೆ. ಅಪ್ಪ, ಅಮ್ಮ, ತಾತ, ಅಜ್ಜಿ, ಅಣ್ಣ, ಅಕ್ಕ ಯಾರೂ ಡಿಗ್ರಿ ಮಾಡಿಲ್ಲ ಅಂತ ತಾಲ್ಲೂಕು ಆಫೀಸಿನಿಂದ ಸರ್ಟಿಫಿಕೇಟು ತರಬೇಕು. ಅದಿಲ್ಲದಿದ್ದರೆ ನನಗೆ ಸೇಲಂ ಇಲ್ಲ.

ಟೀ ಅಂಗಡಿಯಲ್ಲಿ ಒಬ್ಬರು ಮೂಗು ಮುರಿದರು. "ಸರ್ಕಾರ ಹಿಂಗೆ ಎಲ್ಲಾರ ಮಕ್ಕಳಿಗೂ ಫೀಸ್ ಕಟ್ತಾ ಕುಂತ್ರೆ ದೇಶ ಏನಾಯ್ತದೆ?"

ತಾತ ಟೀ ಊದುತ್ತ, "ಓದ್ತದೆ" ಅಂದ.

ವಿಚಾರಣೆಗೆ ವಿ.ಎ.ಓ. ಮನೆಗೇ ಬಂದರು. ಅವರು ನಮ್ಮ ಊರಿನ ಲೆಕ್ಕಪತ್ರ ನೋಡುವ ಅಧಿಕಾರಿ. ಅಪ್ಪ ಮಂಚ ಹಾಕಿದ, ಅಮ್ಮ ಮಜ್ಜಿಗೆ ತಂದಳು. "ವೀಟ್ಲ ಪಟ್ಟದಾರಿ ಯಾರಾವದು ಇರುಕ್ಕಾಂಗಳಾ?" ಅಂತ ಕೇಳಿದರು. ಮನೆಯಲ್ಲಿ ಪದವೀಧರರು ಯಾರಾದರೂ ಇದ್ದಾರಾ?

ಅಪ್ಪ ಇಲ್ಲ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಬೇವಿನ ಮರದ ಕೆಳಗಿನಿಂದ, "ನಾನ್ ಇರುಕ್ಕೇನ್ ಸಾರ್" ಅಂತ ತಾತನ ಧ್ವನಿ. ನಾನಿದ್ದೀನಿ ಅಂತ. ಫೈಲ್ ಸಮೇತ ಎದ್ದೇ ಬಂದ!

ವಿ.ಎ.ಓ. ನೋಡಿ, ಮೆಚ್ಚಿ, ಮಜ್ಜಿಗೆ ಕುಡಿದು, ಅರ್ಜಿಯ ಮೇಲೆ ಮನೆಯಲ್ಲಿ ಪದವೀಧರರಿದ್ದಾರೆ ಅಂತ ಬರೆದುಕೊಂಡು ಹೋದರು. ಅಜ್ಜಿ ತಲೆ ಮೇಲೆ ಕೈ ಹೊತ್ತು, "ಇಷ್ಟು ವರ್ಷ ಈ ಮನುಷ್ಯನ್ನ ಏನ್ ಓದಿದ್ದೀಯಾ ಅಂತ ಯಾರೂ ಕೇಳಿರ್ಲಿಲ್ಲ. ಕೇಳಿದ್ದು ಇವತ್ತೇನಾ?" ಅಂದಳು.

ಏನಾಯಿತು ಅಂತ ತಾತನಿಗೆ ತಿಳಿಸಿ ಹೇಳಿದ್ದು ಅಪ್ಪ. ತಾತ ಊಟಕ್ಕೆ ಏಳಲಿಲ್ಲ. ಬೆಳಿಗ್ಗೆ ಮಾತ್ರ ನಮಗಿಂತ ಮೊದಲು ಎದ್ದು, ಒಗೆದ ಅಂಗಿ ಹಾಕಿ, ಫೈಲ್ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. "ನಡಿ ಮಗ, ಆಫೀಸ್‌ಗೆ ಓಗಾನ."

ಮೂರು ದಿನ ಹೋದೆವು. ಮೊದಲ ದಿನ ತಾಸಿಲ್ದಾರ್ ಮೀಟಿಂಗ್‌ನಲ್ಲಿದ್ದರು. ಎರಡನೇ ದಿನ ಗುಮಾಸ್ತರು, ಒಂದು ಸಲ ಬರೆದಿದ್ದು ಬರೆದಿದ್ದೇ, ನಾಳೆ ಬಂದರೂ ಇದೇ ಉತ್ತರ ಅಂತ ವಿ.ಎ.ಓ. ಬರೆದಿದ್ದರ ನಕಲನ್ನು ಕೈಗೆ ಕೊಟ್ಟರು. "ಆಯ್ತು, ನಾಳೆ ಬತ್ತೀನಿ" ಅಂದ ತಾತ. ಮೂರನೇ ದಿನ ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ನಾವಿದ್ದೆವು. ತಾಸಿಲ್ದಾರ್ ಮೇಡಂ ಬಂದವರು ತಾತನನ್ನು ನೋಡಿ ಒಳಗೆ ಕರೆದರು.

ತಾತ ಮೇಜಿನ ಮೇಲೆ ಎರಡು ಕಾಗದ ಇಟ್ಟ. ಒಂದು ಅಕ್ಷರ ಕೇಂದ್ರದ್ದು, ಡಿಗ್ರಿ ಸೆಲ್ಲಾದು ಅನ್ನುವಂಥದ್ದು. ಇನ್ನೊಂದು ವಿ.ಎ.ಓ. ಬರೆದ ವರದಿಯ ನಕಲು, ಪದವೀಧರ ಅನ್ನುವಂಥದ್ದು. ತಮಿಳಿನಲ್ಲಿ ನಿಧಾನವಾಗಿ ಹೇಳಿದ. ಎರಡೂ ಸರ್ಕಾರದ್ದೇ ಅಮ್ಮಾ, ಯಾವುದು ನಿಜ ಅಂತ ನೀವೇ ಆರಿಸಿ. ನಡೆಯುತ್ತದೆ ಅಂದರೆ ನನಗೆ ಆ ಮೇಷ್ಟ್ರ ಕೆಲಸ ಕೊಡಿ. ನಡೆಯುವುದಿಲ್ಲ ಅಂದರೆ ನನ್ನ ಮೊಮ್ಮಗಳಿಗೆ ಸರ್ಟಿಫಿಕೇಟು ಕೊಡಿ.

ಮೇಡಂ ಎರಡನ್ನೂ ಓದಿದರು. ಗುಮಾಸ್ತರು ಏನೋ ಹೇಳಲು ಬಂದರು, ಮೇಡಂ ಕೈ ಎತ್ತಿ ನಿಲ್ಲಿಸಿದರು. ಆಮೇಲೆ ತಾತನ ಮುಂದೆ ಒಂದು ಬಿಳಿ ಹಾಳೆ ತಳ್ಳಿ, "ನಿಮ್ಮ ಪದವಿ ನಡೆಯೋದಿಲ್ಲ ಅನ್ನೋದನ್ನ ಒಪ್ಪಿ, ನಿಮ್ಮ ಮನೆಯಲ್ಲಿ ಪದವೀಧರರು ಯಾರೂ ಇಲ್ಲ ಅಂತ ನೀವೇ ಬರೆದುಕೊಡಿ. ಉಳಿದಿದ್ದು ನಾನು ನೋಡ್ಕೋತೀನಿ" ಅಂದರು.

ಇಷ್ಟು ಹೊತ್ತೂ ಗೆಲ್ಲುತ್ತಿದ್ದ ತಾತ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದ. ನನಗೆ, ಬೇಡ ತಾತ, ಎದ್ದು ಹೋಗೋಣ ಅನ್ನಿಸಿತು. ಅವನು ಒಂದು ಸಲ ನನ್ನ ಮುಖ ನೋಡಿ ಬರೆಯತೊಡಗಿದ. ಒಂದೂ ಚಿತ್ತಿಲ್ಲದೆ ಹಾಳೆ ತುಂಬ ಬರೆದು ಕೊಟ್ಟ.

ಮೇಡಂ ಓದುತ್ತ ಓದುತ್ತ ತಲೆ ಎತ್ತಿದರು. "ಕೈಯೆಳುತ್ತು ರೊಂಬ ಅಳಗಾ ಇರುಕ್ಕು. ಎಂಗ ಪಡಿಚ್ಚೀಂಗ?" ಅಕ್ಷರ ಇಷ್ಟು ಚೆನ್ನಾಗಿದೆ, ಎಲ್ಲಿ ಓದಿದಿರಿ?

"ಎಂಗೆಯುಂ ಇಲ್ಲೆ ಅಮ್ಮಾ" ಅಂದ ತಾತ. ಎಲ್ಲೂ ಇಲ್ಲ.

ಅದೇ ವಾರ ಸರ್ಟಿಫಿಕೇಟು ಬಂತು. ಕಾಲೇಜಿಗೆ ಸೇರುವ ದಿನ ನನ್ನ ಜೊತೆ ಸೇಲಂಗೆ ಬಂದವನೂ ತಾತನೇ. ನಾನು ಹಾಸ್ಟೆಲ್ಲು, ಐಡಿ ಕಾರ್ಡು ಅಂತ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಅಲೆದು ಸಾಯಂಕಾಲ ಬಂದು ನೋಡಿದರೆ, ಕೂರಿಸಿ ಹೋದ ಬೆಂಚಿನ ಮೇಲೆ ತಾತ ಇಲ್ಲ. ಎಲ್ಲಾ ಕಡೆ ಹುಡುಕಿದೆ. ಕೊನೆಗೆ ವಾಚ್‌ಮನ್ ಲೈಬ್ರರಿ ಕಡೆ ಕೈ ತೋರಿಸಿದರು.

ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದ. ಮುಂದೆ ಅಣೆಕಟ್ಟುಗಳ ಬಗ್ಗೆ ತಮಿಳಿನ ಒಂದು ದಪ್ಪ ಪುಸ್ತಕ. ಬೆರಳು ಸಾಲಿನ ಕೆಳಗೆ ಮೆಲ್ಲಗೆ ಸರಿಯುತ್ತಿತ್ತು, ತುಟಿ ಅಲುಗುತ್ತಿತ್ತು.

"ತಾತ, ಬಸ್ಸಿಗೆ ಹೊತ್ತಾಯ್ತು."

"ಇನ್ನೊಂದು ಬಸ್ ಐತೆ" ಅಂದ, ತಲೆ ಎತ್ತದೆ. "ಇದೊಂದು ಪಾಠ ಮುಗೀಲಿ ಇರು."

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅವನ ಪಕ್ಕದ ಕುರ್ಚಿಯನ್ನು ಸದ್ದಾಗದ ಹಾಗೆ ಎಳೆದುಕೊಂಡು ಕೂತೆ.